ಎದುರು ಅಂದ್ರ ನಾನು

"ಅಯ್ಯೋ... ನನ್ನ ಕಾಲು!"

ರುಚಿತಾ ಒಂಟಿಕಾಲಲ್ಲಿ ಕುಪ್ಪಳಿಸಿದಳು. ತುಳಿದಾತ ಬೆಪ್ಪಾಗಿ ನಿಂತಿದ್ದ. ಎತ್ತರದ ಆಳು, ಹಣೆ ತುಂಬ ಬೆವರು.

"ಸಾರೀ ರೀ... ನನಗ ಡಾನ್ಸ್ ಬರೂದಿಲ್ಲ. ಅವ್ವ ಎಳಕೊಂಡು ಬಂದಾಳ."

"ಏನ್ ಕೆಲಸ ಮಾಡ್ತೀರಿ?"

"ಇಲ್ಲೇ ಓಝರ್ ಫ್ಯಾಕ್ಟರಿಯೊಳಗ ವಿಮಾನ ಜೋಡಸ್ತೀನ್ರಿ."

"ಅಷ್ಟು ದೊಡ್ಡ ವಿಮಾನ ಏರಸ್ತೀರಿ, ಒಂದು ಕಾಲು ಎತ್ತಾಕ ಆಗೂದಿಲ್ಲೇನು?"

"ವಿಮಾನಕ್ಕ ಗಾಲಿ ಅದಾವಲ್ರೀ!"

ನೋವಿನಲ್ಲೂ ಅವಳಿಗೆ ನಗು ಬಂತು. ಅಲ್ಲಿಗೆ ಕೆಟ್ಟಿತು ನೋಡಿ! ಕಾಲುನೋವು ಸಂಜೆಗೇ ಹೋಯಿತು, ಆ ಮುಖ ಮಾತ್ರ ಕಣ್ಣಿಂದ ಹೋಗಲೇ ಇಲ್ಲ.

ಆತ ತನ್ಮಯ. ಅವನ ತಂಗಿ ರಂಜನಿಗೆ ಔರಂಗಾಬಾದಿನ ಗಂಡು ಗೊತ್ತಾಗಿತ್ತು. ಅವರ ಊರು ಬಾಗಲಕೋಟೆ ಕಡೆ, ಮದುವೆಯ ಮುನ್ನಾದಿನ ಮನೆಮಂದಿಯೆಲ್ಲ ಹಾಡಿ ಕುಣಿಯುವ ಸಂಗೀತ್ ಯಾರಪ್ಪ ಮಾಡುತ್ತಾರೆ? ಆದರೆ ಈ ಮನೆಯವರಿಗೆ ಮಹಾರಾಷ್ಟ್ರದ ಗಾಳಿ ಬಡಿದಿತ್ತು. ಮನೆಯವರೆಲ್ಲ ಸ್ಟೇಜಿನ ಮೇಲೆ ಕುಣಿಯಲೇಬೇಕೆಂದು ರಂಜನಿಯ ಹಟ. ಅದಕ್ಕೇ ಕಲಿಸಲು ನಾಸಿಕದಿಂದ ತಮ್ಮ ಕಡೆಯವಳೇ ಆದ ಕೊರಿಯೋಗ್ರಾಫರ್ ರುಚಿತಾಳನ್ನು ಕರೆಸಿದ್ದರು.

ಕ್ವಾರ್ಟರ್ಸಿನ ತಾರಸಿಯ ಮೇಲೆ ಪ್ರಾಕ್ಟೀಸು. ಎಡಕ್ಕೆ ಅಂದರೆ ಅರ್ಧ ಮಂದಿ ಬಲಕ್ಕೆ ಹೋಗಿ ಡಿಕ್ಕಿ!

"ಎಡ-ಬಲ ಮರತುಬಿಡ್ರಿ!" ರುಚಿತಾ ಚಪ್ಪಾಳೆ ತಟ್ಟಿದಳು. "ನೀರಿನ ಟ್ಯಾಂಕ್ ಕಡೆ ಎರಡು ಹೆಜ್ಜಿ, ಬಟ್ಟಿ ಹಗ್ಗದ ಕಡೆ ಎರಡು ಹೆಜ್ಜಿ. ಎದುರು ಅಂದ್ರ ನಾನು! ಮುಂದಿನ ಸಾಲಿನವ್ರು ನನ್ನ ಬಿಟ್ಟು ಯಾರನ್ನೂ ನೋಡಬ್ಯಾಡ್ರಿ. ಹಿಂದಿನವ್ರು ಮುಂದಿನವ್ರನ್ನ ನೋಡ್ರಿ."

"ಏ ಹುಡುಗಿ, ಸೊಂಟ ಹಿಡಕೊಂಡ್ರ ನೀನ ಬಿಡಸಬೇಕು!" ತನ್ಮಯನ ತಾಯಿ ಗಿರಿಜಮ್ಮ ಸೆರಗು ಸಿಕ್ಕಿಸಿದರು.

ದಿನ ಕಳೆದಂತೆ ತನ್ಮಯನ ಕಾಲಿಗೆ ಬುದ್ಧಿ ಬಂತು. ಮುಂದಿನ ಸಾಲಿನಲ್ಲಿ ಅವನ ಪಕ್ಕ ರಂಜನಿಯ ಗೆಳತಿ ನೀರಜಾ, ಚೆಂದದ ಹುಡುಗಿ, ಚೆಂದಾಗಿ ಕುಣಿಯುವವಳು.

ಎತ್ತರದವನು ಹಿಂದಿರಲಿ ಎಂದು ರುಚಿತಾ ಅವನ ಜಾಗ ಬದಲಿಸಹೋದಳು.

"ಬ್ಯಾಡ್ರೀ! ನಾ ನೀರಜಾನ ಬಾಜೂನ ನಿಂದರ್ತೀನಿ. ಪ್ಲೀಸ್!"

ರುಚಿತಾ ನೀರಜಾಳತ್ತ ನೋಡಿದಳು. 'ಓಹೋ... ಹಿಂಗೇನು! ನಾನೊಬ್ಬಾಕಿ ಹುಚ್ಚಿ...'

ಅಂದಿನಿಂದ ತಮಾಷೆ ಬಂದ್. ಅವನು ಪಿಂಪಳಗಾಂವದ ದ್ರಾಕ್ಷಿ ತಂದುಕೊಟ್ಟರೆ, "ನೀರಜಾಗ ಕೊಡ್ರಿ" ಎಂದು ಮುಖ ತಿರುಗಿಸಿದಳು. ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ.

ಔರಂಗಾಬಾದಿನಲ್ಲಿ ಸಂಗೀತ್‌ನ ಸಂಜೆ ಬಂತು. ಸ್ಟೇಜಿನ ಕೆಳಗೆ ಎದುರು ನಿಂತು ಹೆಜ್ಜೆ ತೋರಿಸುವುದು ರುಚಿತಾಳ ರೂಢಿ. ಇಂದು ಅವಳ ಕಾಲೇ ಏಳಲಿಲ್ಲ.

'ನಾಳೆ ಮದುವಿ ಮುಗಿದ್ರ ಅವರನ್ನ ನೋಡೂ ನೆವಾನೂ ಮುಗೀತು. ಅಕಿನ್ನ ನೋಡ್ಕೋತ ಕುಣೀಲಿ!'

ಕಣ್ಣೊರೆಸಿಕೊಳ್ಳುತ್ತ ಮೂಲೆಗೆ ಹೋಗಿ, ಸೌಂಡ್ ಸಿಸ್ಟಮ್ಮಿನ ಲಾಲಸಾಬನ ಪಕ್ಕ ನಿಂತಳು.

ಹಾಡು ಶುರುವಾಯಿತು. ತನ್ಮಯ ಎದುರು ನೋಡಿದ... ಅವಳಿಲ್ಲ! ಮುಖ ಬಿಳಿಚಿತು. ಸಭೆಯನ್ನೆಲ್ಲ ಹುಡುಕಿದ. ಮೂಲೆಯಲ್ಲಿ ಅವಳು ಕಂಡಳು.

ಮುಖ ಅರಳಿತು ನೋಡಿ! ಗಿರಕ್ಕನೆ ಮೂಲೆಗೆ ತಿರುಗಿ ಕುಣಿಯತೊಡಗಿದ, ಒಂದು ಹೆಜ್ಜೆಯೂ ತಪ್ಪಲಿಲ್ಲ! ಹಿಂದಿನ ಸಾಲಿನವರು ಮುಂದಿನವನನ್ನೇ ನಂಬಿದ್ದರಲ್ಲ? ಗಿರಿಜಮ್ಮ ತಿರುಗಿದರು, ಕಾಕಾ ತಿರುಗಿದರು, ಎಲ್ಲರೂ ಮೂಲೆಗೇ! ನೀರಜಾ ಒಬ್ಬಳೇ ಸಭೆಗೆ ಮುಖಮಾಡಿ ಕಕ್ಕಾಬಿಕ್ಕಿ.

"ದೀದೀ, ಯೇ ಲೋಗಾಂ ಮೇರೇಕು ಕಾಯ್ಕು ನಾಚ್ ದಿಖಾರೇ?" ಇವರೆಲ್ಲ ತನಗ್ಯಾಕೆ ಕುಣಿದು ತೋರಿಸುತ್ತಿದ್ದಾರೆಂದು ಲಾಲಸಾಬ ಗಾಬರಿಯಾದ.

ಸಭೆ ಹೊಟ್ಟೆ ಹಿಡಿದು ನಕ್ಕಿತು. ಶಿಳ್ಳೆಯೋ ಶಿಳ್ಳೆ!

ಹಾಡು ಮುಗಿದದ್ದೇ ತನ್ಮಯ ಓಡಿಬಂದ.

"ಮಂದಿ ಕಡೆ ಮುಖಾ ಮಾಡೂದು ಬಿಟ್ಟು ಏನ್ರಿ ಅದು?" ರುಚಿತಾ ಸಿಡುಕಿದಳು.

"ನೀವ ಹೇಳಿದ್ರಲ್ರೀ... ಎದುರು ಅಂದ್ರ ನಾನು, ನನ್ನ ಬಿಟ್ಟು ಯಾರನ್ನೂ ನೋಡಬ್ಯಾಡ್ರಿ ಅಂತ."

"ಮತ್ತ ನೀರಜಾನ ಬಾಜೂನ ಬೇಕು ಅಂದವ್ರು ಯಾರು?"

"ಆ ಜಾಗಾದಾಗ ನಿಂತ್ರ ನೀವು ಸೀದಾ ಕಾಣತಿದ್ರಿ..." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಡಾನ್ಸ್ ಮುಗೀತು. ನಿಮ್ಮನ್ನ ನೋಡೂದು ಮುಗಸಾಕ ನನ್ನ ಕಡಿಂದ ಆಗೂದಿಲ್ರಿ. ನೀವಂದ್ರ ನನಗ ಜೀವ."

ರುಚಿತಾ ಅಳುತ್ತಲೇ ನಕ್ಕಳು. "ನನಗೂ... ಮೊದಲನೇ ದಿನದಿಂದ. ಆದ್ರ ಮತ್ತ ಕಾಲು ತುಳಿದ್ರ ನೋಡ್ರಿ!"

"ತುಳಿಯೂದಿಲ್ಲ. ಸಪ್ತಪದಿಯೊಳಗ ಆ ಕಾಲಿನ ಬೆರಳು ಮೆಲ್ಲಕ ಹಿಡೀತೀನಿ."

"ಹೆಜ್ಜಿ ತಪ್ಪಿದ್ರ?"

"ಕಲಸಾಕ ನೀವ ಇರ್ತೀರಲ್ಲ!"