ಹೆಬ್ಬೆರಳಿನ ಅಳತೆ

"ನಿಮ್ಮ ಎಡಗೈ ಹೆಬ್ಬೆರಳು ಸ್ವಲ್ಪ ತೋರಿಸ್ತೀರಾ?"

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಅವಳ ಎದೆ ಧಸಕ್ಕೆಂದಿತು. ಕೊರಳಿಗೆ ನೇತುಹಾಕಿಕೊಂಡಿದ್ದ ಟ್ಯಾಬ್ ಇನ್ನೇನು ಗೋಡೆಗೆ ಬಡಿಯುವುದರಲ್ಲಿತ್ತು. ಹೇಗೋ ಹಿಡಿದುಕೊಂಡು ತಿರುಗಿದಳು.

ಎದುರಿಗೆ ಎತ್ತರದ ಆಸಾಮಿ. ಹೆಗಲಲ್ಲೊಂದು ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ. ಅವನ ಕಣ್ಣು ನೆಟ್ಟಿದ್ದು ಅವಳ ಮುಖದ ಮೇಲಲ್ಲ, ಬೆರಳಿನ ಮೇಲೆ!

'ಇದೇನಪ್ಪಾ ಇದು! ಮುಖ ನೋಡೋರನ್ನ ಕಂಡಿದ್ದೀನಿ. ಹೆಬ್ಬೆರಳು ನೋಡೋನನ್ನ ಇವತ್ತೇ ನೋಡ್ತಿರೋದು...'

"ಯಾಕ್ರೀ? ಭವಿಷ್ಯ ಹೇಳ್ತೀರಾ?"

"ಇಲ್ಲ ಇಲ್ಲ..." ಅವನು ತಡವರಿಸಿದ. "ಗಾಯ ಆಗಿತ್ತಲ್ಲ... ವಾಸಿ ಆಯ್ತಾ ಅಂತ."

ಅವಳು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಅಟ್ಟದ ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿದ್ದು ನಿಜ. ಅಮ್ಮ ಕಟ್ಟಿದ್ದ ಬಟ್ಟೆ ಬಿಚ್ಚಿ ನಾಲ್ಕು ದಿನವಾಗಿತ್ತು. ಆದರೆ ಈ ಅಪರಿಚಿತನಿಗೆ ಹೇಗೆ ಗೊತ್ತು?

ಬೈದು ಕಳಿಸಬೇಕಿತ್ತು. ಆದರೆ ಅವಳಿಗೆ ಹುಟ್ಟಿನಿಂದ ಬಂದ ರೋಗವೊಂದಿತ್ತು, ಕುತೂಹಲ. ಆ ರೋಗವಿಲ್ಲದವರು ಅವಳ ಕೆಲಸ ಮಾಡುವುದೂ ಸಾಧ್ಯವಿರಲಿಲ್ಲ ಬಿಡಿ.

ಹಳೇ ಗೋಡೆ, ಸೇತುವೆಯ ಕಟ್ಟೆ, ಮರದ ಬೊಡ್ಡೆಗಳ ಮೇಲೆ ಚಕ್ಕೆಚಕ್ಕೆಯಾಗಿ ಬೆಳೆಯುವ ಕಲ್ಲುಹೂವಿನ ಫೋಟೋ ತೆಗೆಯುವುದು ಅವಳ ಕೆಲಸ. ಗಾಳಿ ಚೆನ್ನಾಗಿದ್ದರೆ ಅದು ಹಿಗ್ಗುತ್ತದೆ, ಹೊಗೆ ಹೆಚ್ಚಿದರೆ ಕುಗ್ಗುತ್ತದೆ. ನಾಲ್ಕು ತಿಂಗಳಿಗೊಮ್ಮೆ ಅದೇ ಅರವತ್ಮೂರು ಜಾಗಗಳಿಗೆ ಹೋಗಿ, ಟ್ಯಾಬಿನಲ್ಲಿ ಫೋಟೋ ಹಿಡಿದು, ಜಾಗದ ಸಂಖ್ಯೆ ಮತ್ತು ಬಣ್ಣ ತುಂಬಿ, ನಿಂತಲ್ಲಿಂದಲೇ ಕಚೇರಿಗೆ ಕಳಿಸಬೇಕು. ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಕುತ್ತಿಗೆಗೂ ಭುಜಕ್ಕೂ ನಡುವೆ ಕೊಡೆ ಸಿಕ್ಕಿಸಿಕೊಂಡು, ಗೋಡೆಗೆ ಮೂಗು ತಾಗಿಸಿ ನಿಲ್ಲುವ ಅವಳಿಗೆ ಆ ಬೀದಿಯವರು ಇಟ್ಟ ಹೆಸರು 'ಗೋಡೆ ಅಕ್ಕ'.

ಇವತ್ತು ಮಾತ್ರ ಗೋಡೆ ಅಕ್ಕನ ಮನಸ್ಸು ಸರಿಯಿರಲಿಲ್ಲ.

"ನಿಮಗೇನೋ ಬೇಜಾರಾಗಿರೋ ಹಾಗಿದೆ..." ಅವನೇ ಕೇಳಿದ.

ಅಷ್ಟು ಸಾಕಾಯಿತು. ಕಟ್ಟೆ ಒಡೆದಂತೆ ಮಾತು ಹರಿಯಿತು.

"ಆಗದೆ ಇರುತ್ತಾ? ಮೂರನೇ ಸುತ್ತಿನ ಅರವತ್ಮೂರು ಫೋಟೋಗೂ ಕೆಂಪು ಗೆರೆ! 'ಒಪ್ಪಲಾಗದು' ಅಂತೆ! ಕಾರಣ ಇಲ್ಲ, ಏನಿಲ್ಲ. ಮುಖ್ಯ ಕಚೇರೀಲಿ ಫೋಟೋ ಪರಿಶೀಲನೆ ಮಾಡೋ ಪುಣ್ಯಾತ್ಮ ಒಬ್ಬ ಇದ್ದಾನೆ. ಅವನಿಗೆ ನಾನು ಕೆಂಪುಗೆರೆ ಅಂತಲೇ ಹೆಸರಿಟ್ಟಿದ್ದೀನಿ. ಫ್ಯಾನ್ ಕೆಳಗೆ ಕೂತ್ಕೊಂಡು ಗೆರೆ ಎಳೆಯೋದು ಸುಲಭ ಕಣ್ರೀ! ಶನಿವಾರದೊಳಗೆ ಇದು ಸರಿ ಹೋಗದಿದ್ರೆ ಮೇಡಂ ನನ್ನ ದಾರೀನ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ಎಂಟು ತಿಂಗಳು ನಡೆದ ದಾರಿಯದು. ಒಂದೊಂದು ಕಲ್ಲೂ ಅವಳಿಗೆ ನೆಂಟನಾಗಿತ್ತು.

ಅವನು ತಲೆ ತಗ್ಗಿಸಿದ. "ಆ ಕೆಂಪುಗೆರೆ ಅಷ್ಟು ಕೆಟ್ಟವನಾ?"

"ಕಲ್ಲು ಮನಸ್ಸು! ಅಲ್ಲ, ಕಲ್ಲಿನ ಮೇಲಾದ್ರೂ ಹೂವು ಬರುತ್ತೆ."

ಅವನಿಗೆ ನಗು ಬಂತು. ಆ ನಗು ಚೆನ್ನಾಗಿತ್ತು. ಹಾಳಾದ್ದು, ಅವಳಿಗೂ ನಗು ಬಂತು!

ನಡೆಯುತ್ತ ನಡೆಯುತ್ತ ಅವಳು ತನ್ನ ನೆಂಟರನ್ನು ಪರಿಚಯಿಸಿದಳು. ಬೂದು ಬಣ್ಣದ್ದು ಮುಂಗೋಪಿ ತಾತ. ಅಂಚು ಸುರುಟಿಕೊಂಡಿದ್ದು ಸೊಟ್ಟಮೂತಿ. ಮೂಲೆಯ ಹಳದಿ ಗುಂಡಗಿನ ಚಕ್ಕೆಯ ಮುಂದೆ ನಿಂತಾಗ ಅವಳ ಮುಖ ಅರಳಿತು.

"ಇವಳು ಗುಂಡಮ್ಮ. ನಂಗೆ ತುಂಬಾ ಇಷ್ಟದವಳು."

"ಇಪ್ಪತ್ತೊಂದನೇ ನಂಬರ್..." ಅವನು ಮೈಮರೆತು ಹೇಳಿದ. "ಪಕ್ಕದ ಬಿರುಕು ಮೊದಲು ಇಷ್ಟು ದೊಡ್ಡದಿರಲಿಲ್ಲ ಅಲ್ವಾ?"

ಅವಳು ಸರಕ್ಕನೆ ತಿರುಗಿದಳು. ಗೋಡೆಯ ಮೇಲೆ ಯಾವ ಸಂಖ್ಯೆಯೂ ಬರೆದಿರಲಿಲ್ಲ. ಅದು ಇದ್ದದ್ದು ಟ್ಯಾಬಿನಲ್ಲಿ... ಮತ್ತೆ ಮುಖ್ಯ ಕಚೇರಿಯಲ್ಲಿ!

"ನೀವು... ನೀವೇನಾ ಕೆಂಪುಗೆರೆ?"

ಅವನು ಕನ್ನಡಕ ಸರಿಮಾಡಿಕೊಂಡ. "ಹೌದು."

ಅವಳ ಮುಖ ಕೆಂಪೇರಿತು. "ನನ್ನ ತಪ್ಪು ಹುಡುಕಕ್ಕೆ ಕದ್ದು ಬಂದ್ರಾ? ನಾನು ಬಾಯಿಬಿಟ್ಟು ಎಲ್ಲಾ ಹೇಳೋವರೆಗೂ ಸುಮ್ಮನಿದ್ರಲ್ಲ! ನಾಚಿಕೆ ಆಗಲ್ವಾ?"

'ಈ ನಗುವನ್ನ ನಂಬಿದ್ನಲ್ಲ ನಾನು...' ಕಣ್ಣಲ್ಲಿ ನೀರು ತುಂಬಿತು. ಕೊಡೆ ಮಡಚಿ ಹೊರಟೇಬಿಟ್ಟಳು.

"ಒಂದೇ ನಿಮಿಷ! ಮೊದಲ ಸುತ್ತಿನ ಗುಂಡಮ್ಮನ್ನೂ ಮೂರನೇ ಸುತ್ತಿನ ಗುಂಡಮ್ಮನ್ನೂ ಟ್ಯಾಬಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಬೇಕಾದ್ರೆ ಬೈರಿ."

ಹೋಗಬೇಕೆಂದೇ ಇದ್ದಳು. ಆದರೆ ಆ ರೋಗ ಬಿಡಬೇಕಲ್ಲ! ನಿಂತಳು. ಎರಡೂ ಫೋಟೋ ತೆರೆದಳು.

ಫೋಟೋದಲ್ಲಿ ಗಾತ್ರ ತಿಳಿಯಲು ಚಕ್ಕೆಯ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕೆಂಬುದು ನಿಯಮ. ಅವಳ ಪಟ್ಟಿ ಮೊದಲ ವಾರವೇ ಚರಂಡಿಗೆ ಬಿದ್ದುಹೋಗಿತ್ತು. ಮೇಡಂಗೆ ಹೇಳಲು ಹೆದರಿ ಅಂದಿನಿಂದ ಪಟ್ಟಿಯ ಬದಲು ತನ್ನ ಹೆಬ್ಬೆರಳನ್ನೇ ಇಡುತ್ತಿದ್ದಳು. ಮೊದಲ ಸುತ್ತಿನಲ್ಲಿ ಅದು ಬರೀ ಬೆರಳು. ಮೂರನೇ ಸುತ್ತಿನಲ್ಲಿ... ಅಮ್ಮ ಸುತ್ತಿದ ಬಟ್ಟೆಯೊಳಗಿನ ದಪ್ಪ ಬೆರಳು!

"ಅಯ್ಯೋ ದೇವರೇ!"

"ಪಟ್ಟಿ ಕಾಣೆ ಆಗೋ ಮುಂಚಿನ ಒಂಬತ್ತು ಫೋಟೋದಲ್ಲಿ ಪಟ್ಟಿಯೂ ಇತ್ತು, ಅದನ್ನ ಹಿಡಿದ ನಿಮ್ಮ ಬೆರಳೂ ಇತ್ತು. ಬೆರಳಿನ ಅಗಲ ಹದಿನೆಂಟು ಮಿಲಿಮೀಟರ್. ಆಮೇಲೆ ಅದನ್ನೇ ಅಳತೆ ಅಂತ ಇಟ್ಕೊಂಡೆ. ಈ ಸಲ ಬೆರಳು ದಪ್ಪ ಆಯ್ತು, ಲೆಕ್ಕದಲ್ಲಿ ಎಲ್ಲಾ ಕಲ್ಲುಹೂವೂ ಚಿಕ್ಕದಾಯ್ತು. ನಿಮ್ಮ ದಾರಿಯ ಗಾಳಿ ಕೆಟ್ಟುಹೋಗಿದೆ ಅಂತ ವರದಿ ಹೋಗೋದರಲ್ಲಿತ್ತು. ಅದನ್ನ ತಡೆಯಕ್ಕೆ ಕೆಂಪು ಗೆರೆ ಎಳೆದೆ."

"ಕಾರಣ ಬರೀಬಹುದಿತ್ತಲ್ಲ?"

"ಬರೆದ್ರೆ ಮೇಡಂ ಓದ್ತಾರೆ. ಪಟ್ಟಿ ಇಲ್ಲ ಅಂತ ಗೊತ್ತಾಗುತ್ತೆ. ನಿಮ್ಮ ದಾರಿ ಹೋಗುತ್ತೆ." ಅವನ ದನಿ ಇಳಿಯಿತು. "ಆ ಬಟ್ಟೆ ಇನ್ನೂ ಬೆರಳಲ್ಲಿದ್ರೆ ಅಳೆದು ಸದ್ದಿಲ್ಲದೆ ಸರಿಮಾಡೋಣ ಅಂತ ರಜ ಹಾಕಿ ಬಂದೆ. ಹೆಸರು ಹೇಳೋಷ್ಟರಲ್ಲಿ ನೀವು ಬೈಯಕ್ಕೆ ಶುರು ಮಾಡಿದ್ರಿ... ಧೈರ್ಯ ಸಾಲಲಿಲ್ಲ."

ಅವಳು ಫೋನ್ ಕೈಗೆತ್ತಿಕೊಂಡಳು.

"ಏನ್ ಮಾಡ್ತಿದ್ದೀರಿ?" ಅವನು ಗಾಬರಿಯಾದ.

"ಮೇಡಂಗೆ ಹೇಳ್ತೀನಿ. ನಾನು ಮುಚ್ಚಿಟ್ಟಿದ್ದಕ್ಕೆ ಪಾಪ ಗುಂಡಮ್ಮ ಲೆಕ್ಕದಲ್ಲಿ ಯಾಕೆ ಸೊರಗಬೇಕು?"

ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬೈಗುಳದ ಮಳೆ. "ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಶನಿವಾರ ಸಂಜೆ ಐದರೊಳಗೆ ಅರವತ್ಮೂರೂ ಪಟ್ಟಿ ಇಟ್ಟು ತೆಗೆದಿರಬೇಕು. ಒಂದು ಕಡಿಮೆ ಆದ್ರೂ ಆ ದಾರಿ ನಿಂದಲ್ಲ!"

ಅವನು ಫೋನಿಗೆ ಬಾಗಿದ. "ಮೇಡಂ, ಪಟ್ಟಿ ಇಲ್ಲದ ಫೋಟೋಗಳನ್ನ ಎರಡು ಸುತ್ತು ಒಪ್ಪಿದ್ದು ನಾನು. ತಪ್ಪು ನಂದೂ ಇದೆ."

ಮೇಡಂ ದನಿ ಬದಲಾಯಿತು. "ಓಹೋ! ಸಾಹೇಬ್ರು ರಜ ಹಾಕಿದ್ದು ಇದಕ್ಕಾ? ಸರಿ. ಪಟ್ಟಿ ನೀವೇ ಹಿಡ್ಕೊಳ್ಳಿ. ಈ ಸಲ ಒಪ್ಪೋದು ಬಿಡೋದು ನಾನು."

ಗುರುವಾರ ಮಧ್ಯಾಹ್ನದಿಂದ ಶನಿವಾರದ ಸಂಜೆಯವರೆಗೆ. ಒಂದು ವಾರದ ಕೆಲಸಕ್ಕೆ ಇದ್ದದ್ದು ಅಷ್ಟೇ ಹೊತ್ತು. ಅಂಗಡಿಯಿಂದ ಹೊಸ ಪಟ್ಟಿ ತಂದರು. ಅವನು ಪಟ್ಟಿ ಮತ್ತು ಕೊಡೆ ಹಿಡಿದ, ಅವಳು ಟ್ಯಾಬ್ ಹಿಡಿದಳು. ಮುಂಗೋಪಿ ತಾತನ ಮುಂದೆ ಜಗಳವಾಡಿದರು, ಸೊಟ್ಟಮೂತಿಯ ಮುಂದೆ ರಾಜಿಯಾದರು. ಮರುದಿನದಿಂದ ಅವಳಮ್ಮ ಇಬ್ಬರಿಗೂ ಸೇರಿಸಿ ಬುತ್ತಿ ಕಟ್ಟತೊಡಗಿದರು. ಯಾರು ಎತ್ತ ಎಂದು ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಅನುಮಾನ ತಂದಿತು.

ಅರವತ್ಮೂರನೆಯದು ಸೇತುವೆಯ ಕಟ್ಟೆ. ಗಂಟೆ ಐದಾಗಲು ಹತ್ತು ನಿಮಿಷ. ಟ್ಯಾಬಿನ ಚಾರ್ಜ್ ನೂರಕ್ಕೆ ಮೂರಷ್ಟೇ ಉಳಿದಿತ್ತು.

"ಅಲ್ಲಾಡಬೇಡ್ರೀ!"

"ಉಸಿರೂ ಬಿಡ್ತಿಲ್ಲ."

ಕ್ಲಿಕ್! ಕಳಿಸಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಪರದೆ ನೋಡುತ್ತಾ ಕಟ್ಟೆಯ ಮೇಲೆ ಕುಳಿತರು. ಒಂದು ನಿಮಿಷ... ಎರಡು... ಐದು...

ಕೊನೆಗೂ ಮೂಡಿತು. 'ಅರವತ್ಮೂರೂ ಒಪ್ಪಲಾಗಿದೆ.' ಕೆಳಗೆ ಅಳತೆಯ ಸಾಲು. ಅವಳು ಗುಂಡಮ್ಮನದನ್ನೇ ಮೊದಲು ಹುಡುಕಿದಳು.

"ಕುಗ್ಗಿಲ್ಲ! ನೋಡ್ರೀ... ಒಂದು ಮಿಲಿಮೀಟರ್ ಬೆಳೆದಿದ್ದಾಳೆ!" ಅವಳು ಅಳುತ್ತಾ ನಕ್ಕಳು. ಅಷ್ಟರಲ್ಲಿ ಟ್ಯಾಬ್ ಕಣ್ಣು ಮುಚ್ಚಿತು. "ಎಂಟು ತಿಂಗಳಿಗೆ ಒಂದೇ ಒಂದು ಮಿಲಿಮೀಟರ್... ಎಷ್ಟು ನಿಧಾನ ಇವಳು!"

"ನಾನೂ ಅಷ್ಟೇ ನಿಧಾನ."

"ಅಂದ್ರೆ?"

"ಮೊದಲ ವಾರ ಬೆರಳಲ್ಲಿ ಶಾಯಿ ಕಲೆ ಇತ್ತು. ಎರಡನೇ ಸುತ್ತಲ್ಲಿ ಉಗುರಿಗೆ ಅರ್ಧ ಮಾತ್ರ ಬಣ್ಣ ಹಚ್ಚಿದ್ರಿ. ಯಾರಿರಬಹುದು ಇವಳು, ಅರ್ಧಕ್ಕೆ ಎದ್ದು ಹೋಗಿದ್ದು ಯಾಕೆ ಅಂತ ದಿನವೆಲ್ಲ ಯೋಚಿಸ್ತಿದ್ದೆ. ನಿಯಮ ಮೀರಿ ಒಪ್ಪಿದ್ದೂ ಅದಕ್ಕೇ... ಗೆರೆ ಹಾಕಿದ್ರೆ ಆ ಬೆರಳು ಮತ್ತೆ ಬರಲ್ವಲ್ಲ ಅಂತ. ಬಟ್ಟೆ ಸುತ್ತಿದ್ದು ನೋಡಿದ ದಿನ ಊಟ ಸೇರಲಿಲ್ಲ." ಅವನು ಮೊದಲ ಬಾರಿಗೆ ನೇರ ಅವಳ ಮುಖ ನೋಡಿದ. "ಮುಖ ನೋಡೋ ಮೊದಲೇ ನೀವು ನಂಗೆ ಇಷ್ಟ ಆಗಿದ್ರಿ."

ಅವಳ ಎದೆ ಡವಡವ ಹೊಡೆದುಕೊಂಡಿತು. ಮೆಲ್ಲನೆ ಎಡಗೈ ಚಾಚಿದಳು.

"ಅಳೀಬೇಕು ಅಂತ ಬಂದಿದ್ರಲ್ಲ... ಅಳೆದ್ಕೊಳ್ಳಿ."

ಅವನು ಪಟ್ಟಿಯನ್ನು ಪಕ್ಕಕ್ಕಿಟ್ಟು ಆ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ಎಷ್ಟು ಬಂತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಇನ್ನೂ ಗೊತ್ತಾಗ್ತಿಲ್ಲ... ಸ್ವಲ್ಪ ಹೊತ್ತು ಹೀಗೇ ಹಿಡ್ಕೊಂಡಿರಲಾ?"

"ಹಿಡ್ಕೊಂಡಿರಿ. ನಂಗೇನೂ ಅವಸರ ಇಲ್ಲ."