ರುಮಿ ಟೋಪಿಯ ಚೀಟಿ

"ನೀವಾ...?"

ಹೆಣ್ಣು ನೋಡಲು ಬಂದವನ ಮುಂದೆ ಅವಲಕ್ಕಿ ತಟ್ಟೆ ಇಡುತ್ತಿದ್ದ ಶಿವಕಾಂತಮ್ಮನ ಕೈ ಅಲ್ಲೇ ನಿಂತಿತು. ನಾಲ್ಕು ವರ್ಷದಿಂದ ಅವಳು ಮನಸಾರೆ ಶಪಿಸಿದ ಗುರುಲಿಂಗಯ್ಯ!

ನಿಜಾಮರ ಕಾಲ. ನಾಲ್ಕು ವರ್ಷದ ಹಿಂದೆ ಚಿತ್ತಾಪುರದ ಶಾಲೆಯಲ್ಲಿ ಏಳನೇ ಜಮಾತಿಗೆ ಅವಳೊಬ್ಬಳೇ ಹುಡುಗಿ. ಒಂದು ದಿನ ನಡೆದ ಚರ್ಚಾಕೂಟದ ವಿಷಯ, ಹೆಣ್ಣಿಗೆ ಓದು ಬೇಕೇ ಎಂದು. ಬೇಡವೆಂದು ವಾದಿಸಿ ಗೆದ್ದವನು ಮೇಲಿನ ಜಮಾತಿನ ಇವನೇ. ಒಂದು ಕಡೆಯೂ ತಡವರಿಸಿರಲಿಲ್ಲ.

ಅತಿಥಿಯಾಗಿ ಬಂದಿದ್ದ ಅವಳ ಅಪ್ಪ ರೇವಣಸಿದ್ದಯ್ಯನವರು ತಲೆದೂಗಿದರು. ಮರುದಿನವೇ ಅವಳ ಪುಸ್ತಕಗಳು ಅಟ್ಟ ಸೇರಿದವು. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಅವನಿಗೇನೋ ಇಲ್ಲ, ಅನುಭವಿಸಿದವಳು ಇವಳು.

"ಅಪ್ಪಾ, ನನ್ನ ಸಾಲಿ ಬಿಡಿಸಿದವ್ರು ಇವ್ರೇ. ಈಗ ನನ್ನೇ ಕೇಳ್ಲಿಕ್ಕ ಬಂದಾರ."

ಗುರುಲಿಂಗಯ್ಯ ತಲೆ ತಗ್ಗಿಸಿದ.

"ಆ ಮಾತು ನಂದಲ್ರಿ... ಖಾಜಾಮಿಯಾ ಮಾಸ್ತರು ವಾದಿಸೋರನ್ನಷ್ಟ ಕರದು, ತಮ್ಮ ಕೆಂಪು ಗೊಂಡೇದ ರುಮಿ ಟೋಪಿಯೊಳಗ ಚೀಟಿ ಹಾಕ್ತಿದ್ರು. ಎದುರಿನವ್ರ ವಿಚಾರನೂ ತಿಳೀಲಿ ಅಂತ, ಬಂದ ಪಕ್ಷನೇ ವಾದಿಸ್ಬೇಕಿತ್ತು. ನನಗ 'ಬ್ಯಾಡ' ಅಂತ ಬಂತು."

ಚೀಟಿಯೇ...? ಒಂದು ಚೀಟಿಗಾಗಿ ನನ್ನ ನಾಲ್ಕು ವರ್ಷ ಹೋಯಿತೇ...?

"ಮರುದಿನ ನನ್ನ ಜಾಗ ಖಾಲಿ ಇತ್ತು. ಅಪ್ಪಗ ಯಾಕ ಬಂದು ಹೇಳ್ಲಿಲ್ಲ?"

"ಈ ಬಾಗಿಲ ತನಕ ಬಂದಿದ್ದೆ. ಗೆದ್ದವ ನಾನು... ನನ್ನ ಮಾತು ನಾನೇ ನಂಬಲ್ಲ ಅಂತ ಹ್ಯಾಂಗ ಹೇಳ್ಲಿ ಅಂತ ತಿರುಗಿ ಹೋದೆ."

ಅದನ್ನು ಕೇಳಿ ಅವಳಿಗೆ ಇನ್ನಷ್ಟು ನೋವಾಯಿತು.

"ಹಂಗಾದ್ರ ಈಗ ಹೇಳ್ರಿ. ಅಪ್ಪನ ಮುಂದ."

ಅವನು ಎದ್ದು ನಿಂತ. ಹಣೆಯ ಮೇಲೆ ಬೆವರು.

"ಹೆಣ್ಮಕ್ಕಳು... ಓದಿದ್ರ... ಅದು... ನನ್ನ ಮಾತಿಗೆ ಇವ್ರು ನಾಲ್ಕು ವರ್ಷ..."

ರೇವಣಸಿದ್ದಯ್ಯನವರು ನಕ್ಕರು. "ಅವತ್ತು ಎಷ್ಟು ಛಂದ ಮಾತಾಡಿದ್ದಿ. ಇವತ್ತು ಯಾಕ ಹಿಂಗ ತೊದಲ್ತಿ ತಮ್ಮಾ?"

"ಇವತ್ತು ಅವ್ರಿಗೆ ಯಾರೂ ಚೀಟಿ ಕೊಟ್ಟಿಲ್ಲಪ್ಪಾ," ಎಂದಳು ಶಿವಕಾಂತಮ್ಮ.

ಅಪ್ಪನ ನಗು ನಿಂತಿತು. ಅವರು ಎದ್ದು ಹೋಗಿ ಅಟ್ಟದಿಂದ ಪುಸ್ತಕದ ಗಂಟನ್ನು ಇಳಿಸಿ ತಂದು ಮಗಳ ಮುಂದಿಟ್ಟರು. ಅರ್ಧ ಗೆದ್ದಲು ತಿಂದಿತ್ತು.

ಅವಳು ಅಳುತ್ತಲೇ ಮಣ್ಣು ಕೊಡವಿದಳು. ಗುರುಲಿಂಗಯ್ಯನೂ ಪಕ್ಕದಲ್ಲಿ ಕುಳಿತು ಒಂದೊಂದೇ ಹಾಳೆ ಬಿಡಿಸಿದ.

"ಸಿಟ್ಟು ಹೋತಾ?"

"ಇಲ್ಲ. ಹೋದ ನಾಲ್ಕು ವರ್ಷ ಯಾರು ತಿರುಗಿ ಕೊಡ್ತಾರ?"

"ಸೇಡಂನಾಗ ನನಗ ಮಾಸ್ತರಿಕಿ ಸಿಕ್ಕದ. ನಾ ಓದಿಸ್ತೀನಿ... ಬರ್ತೀರಿ?"

ಅವಳು ಕಣ್ಣೊರೆಸಿಕೊಂಡಳು. "ಬರ್ತೀನಿ. ಅಲ್ಲಿ ಚರ್ಚಾಕೂಟ ನಡಸ್ರಿ. ನಿಮ್ಮ ಎದುರು ನಾ ನಿಲ್ತೀನಿ."

"ನಾ ಸೋಲ್ತೀನಿ ಬಿಡ್ರಿ."

"ಸೋಲಬ್ಯಾಡ್ರಿ. ಯಾವ ಚೀಟಿ ಬರ್ತದೋ ಅದನ್ನೇ ವಾದಿಸ್ರಿ. ಆಮ್ಯಾಲ ಬಾಗಿಲ ತನಕ ಬಂದು ತಿರುಗಿ ಹೋಗಬ್ಯಾಡ್ರಿ... ಒಳಗ ಬಂದು ಖರೇ ಏನಂತ ನನಗ ಹೇಳ್ರಿ."