ಗಂಟೆಯೊಳಗಿನ ಗುಬ್ಬಿ

"ಠಣ್" ಎನ್ನಬೇಕಾದ ಗಂಟೆ "ಕರ್ರ್" ಎಂದಿತು.

ತಾತ ಎರಕದ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಗಂಟೆಯ ನಾಲಗೆ ಹಿಡಿದು ಇನ್ನೊಮ್ಮೆ ಬಡಿದರು. ಮತ್ತೆ ಕರ್ರ್.

"ಏನಜ್ಜ, ಇದು ಗಂಟೆಯೋ, ಕೆಮ್ಮೋ ಮುದುಕನೋ?" ಸಾಹುಕಾರರು ಮೂಗು ಮುರಿದರು. "ನಾಳೆ ದೇವಸ್ಥಾನದಲ್ಲಿ ಕಟ್ಟಬೇಕು. ಫೋಟೋದವನಿಗೂ ಹೇಳಿದೀನಿ. ನನ್ನ ಹೆಸರಿರೋ ಗಂಟೆ ಹೀಗೆ ಕೆಮ್ಮಿದ್ರೆ ಜನ ನಗಲ್ವಾ?"

"ಒಳಗೆ ಬಿರುಕು ಬಿಟ್ಟಿರಬೇಕು. ಒಡೆದು ಮತ್ತೆ ಎರಕ ಹೊಯ್ತೀನಿ."

"ಒಡೀರಿ. ಆದ್ರೆ ಮತ್ತೆ ಹೊಯ್ಯೋದು ಬೇಡ. ಬೇರೆಯವರ ಹತ್ರ ಮಾಡಿಸ್ಕೋತೀನಿ."

ಸಾಹುಕಾರರು ಹೊರಟರು. ತಾತ ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

ಬಾಗಿಲ ಹಿಂದೆ ನಿಂತು ಮೊಮ್ಮಗಳು ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು. ಇಡೀ ದಿನ ಚಿಲಿಪಿಲಿ ಅನ್ನುತ್ತಾಳೆಂದು ತಾತನೇ ಇಟ್ಟ ಹೆಸರು ಅದು.

ದೇವಸ್ಥಾನದ ಗಂಟೆಗೆ ಹಳೆಯ ಕಂಚು ಕೊಡಿ ಎಂದು ಊರಿನವರನ್ನೆಲ್ಲ ಕೇಳಿದ್ದರು. ಸಾಹುಕಾರರು ಮೂಟೆಗಟ್ಟಲೆ ಪಾತ್ರೆ ಕೊಟ್ಟರು. ತಾತ ಗಂಟೆಯ ಹೊರಮೈಯ ಅಚ್ಚಿನಲ್ಲಿ ಅವರ ಹೆಸರನ್ನು ದಪ್ಪಗೆ ಕೊರೆದರು. ಗುಬ್ಬಿ ತನ್ನ ಬಟ್ಟಲು ಕೊಟ್ಟಳು. ಅವಳು ಪುಟ್ಟವಳಿದ್ದಾಗ ಅಜ್ಜಿ ಚಮಚದಿಂದ 'ಟಿಣ್' ಎಂದು ತಟ್ಟಿ, ಅವಳು ಬಾಯಿ ಬಿಟ್ಟೊಡನೆ ತುತ್ತು ಇಡುತ್ತಿದ್ದ ಬಟ್ಟಲು ಅದು.

"ನೀನೂ ಕೊಟ್ಯಾ? ಎಲ್ಲಿದೆ ನಿನ್ನ ಹೆಸರು?" ಎಂದು ಕ್ಲಾಸಿನ ಉದ್ದಜಡೆಯ ಹುಡುಗಿ ನಕ್ಕಿದ್ದಳು. "ಬರೀ ಬಿಲ್ಡಪ್ಪು."

ಆ ಮಾತು ಮುಳ್ಳಿನಂತೆ ಚುಚ್ಚಿಕೊಂಡಿತು. ಎರಕ ಹೊಯ್ಯುವ ಮುಂಚೆ, ಊಟ ಮಾಡಿ ತಾತ ತೂಕಡಿಸುತ್ತಿದ್ದಾಗ ಅವಳು ಗಂಟೆಯ ಒಳಮೈ ಮೂಡಿಸುವ ಮಣ್ಣಿನ ಅಚ್ಚಿನ ಮೇಲೆ ಹೇರ್‌ಪಿನ್ನಿನಿಂದ ಒಂದು ಗುಬ್ಬಿ ಗೀರಿಬಿಟ್ಟಳು. ಅಂಚಿನ ಹತ್ತಿರ, ಬಗ್ಗಿ ನೋಡಿದರೆ ಕಾಣುವಂತೆ. ಗೀರಿದ ಜಾಗಕ್ಕೆಲ್ಲ ಕಂಚು ಇಳಿದು, ಗುಬ್ಬಿ ಉಬ್ಬಿ ನಿಂತಿತು. ನಾಲಗೆ ಬಡಿಯುವುದು ಅಲ್ಲೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ತಾತ ಸುತ್ತಿಗೆ ಎತ್ತಿಕೊಂಡರು.

"ತಾತ, ಬೇಡ. ಒಳಗೆ ನೋಡು."

ತಾತ ಟಾರ್ಚ್ ಹಾಕಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಬೈಗುಳ ಬರುತ್ತದೆಂದು ಗುಬ್ಬಿ ಕಣ್ಣು ಮುಚ್ಚಿಕೊಂಡಳು.

"ಕೊಕ್ಕು ಚೆನ್ನಾಗಿ ಬಂದಿದೆ," ಎಂದರು ತಾತ. ಆಮೇಲೆ ಅವಳ ಕೈಗೆ ಕಂಚು ಉಜ್ಜುವ ಅರ ಕೊಟ್ಟರು. "ಕೂರಿಸಿದವಳು ನೀನು. ಹಾರಿಸೋಳೂ ನೀನೇ."

ಗುಬ್ಬಿ ಗಂಟೆಯ ಕೆಳಗೆ ಕೂತು ಉಜ್ಜಿದಳು. ಮೊದಲು ಕೊಕ್ಕು ಹೋಯಿತು. ಆಮೇಲೆ ರೆಕ್ಕೆ. ಹೊಂಬಣ್ಣದ ಪುಡಿ ಲಂಗದ ಮೇಲೆ ಉದುರಿತು. ಕಣ್ಣೀರು ಬಂತು, ಪುಡಿ ಬಿತ್ತೆಂದು ಸುಳ್ಳು ಹೇಳಿದಳು. ಮಧ್ಯೆ ತಾತನೂ ಒಂದಿಷ್ಟು ಉಜ್ಜಿದರು. ಕೊನೆಗೆ ಬೆರಳಾಡಿಸಿದರೆ ಅಲ್ಲಿ ಏನೂ ಇರಲಿಲ್ಲ, ಬರೀ ನುಣುಪು.

ತಾತ ಬಡಿದರು.

ಠಣ್.

ಆ ಸದ್ದು ಬಾಗಿಲು ದಾಟಿತು, ಬೀದಿ ದಾಟಿತು, ಎಲ್ಲಿ ಮುಗಿಯಿತೋ ತಿಳಿಯಲೇ ಇಲ್ಲ. ಬೀದಿಯ ತುದಿಯ ಮನೆಯಲ್ಲಿದ್ದ ಸಾಹುಕಾರರು ಪಂಚೆ ಎತ್ತಿಕೊಂಡು ಓಡಿ ಬಂದರು.

ಮರುದಿನ ದೇವಸ್ಥಾನದಲ್ಲಿ ಗಂಟೆ ಕಟ್ಟಿದರು.

"ಅಜ್ಜ, ಹೆಸರು ಬಾಗಿಲ ಕಡೆಗೇ ಇರೋ ಹಾಗೆ ಮಾಡಿ," ಎಂದರು ಸಾಹುಕಾರರು.

"ಹೊಡೆದ್ರೆ ತಿರುಗುತ್ತೆ ಸಾಹುಕಾರ್ರೇ. ಗಂಟೆಗೆ ಯಾರ ಮುಲಾಜು?"

ಫೋಟೋದವನು ಸಿದ್ಧನಾದ. ಸಾಹುಕಾರರು ನಗುಮುಖ ಮಾಡಿ ಗಂಟೆ ಬಾರಿಸಿದರು. ಹೆಸರು ಮೆಲ್ಲಗೆ ಗೋಡೆಯತ್ತ ತಿರುಗಿಕೊಂಡಿತು. ಆದರೆ ಅವರು ನೋಡಲಿಲ್ಲ. ಸದ್ದು ಮೇಲೆದ್ದ ಕೂಡಲೇ ಅವರ ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು. ಅವರ ಹಿಂದೆ ಬಂದವರೂ ಕಣ್ಣು ಮುಚ್ಚಿಯೇ ಬಾರಿಸಿದರು. ಹೂವಿನವಳು, ಬಸ್ಸಿನ ಕಂಡಕ್ಟರು, ಅಮ್ಮನ ಸೊಂಟದ ಮೇಲಿನ ಮಗು, ಎಲ್ಲರೂ.

ಉದ್ದಜಡೆ ಬಂದಳು. ಗಂಟೆಯ ಸುತ್ತ ನೋಡಿದಳು, ಕೆಳಗೆ ನಿಂತು ಕತ್ತೆತ್ತಿ ಒಳಗೂ ನೋಡಿದಳು.

"ಎಲ್ಲೇ ನೀನು ಕೊಟ್ಟಿದ್ದು?"

ಗುಬ್ಬಿ ಗಂಟೆಯತ್ತ ಕಣ್ಣೆತ್ತಿದಳು. ಮೊನ್ನೆ ಕಾದ ಕಂಚು ಸೂರ್ಯನ ತುಂಡಿನಂತೆ ಹರಿದಾಗ, ಅದರಲ್ಲಿ ತನ್ನ ಬಟ್ಟಲು ಯಾವುದೆಂದು ಹುಡುಕಿ ಸೋತಿದ್ದಳು.

"ನೀನೊಂದ್ಸಲ ಹೊಡಿ," ಎಂದಳು.

ಉದ್ದಜಡೆ ಹೊಡೆದಳು. ಗುಬ್ಬಿ ಕಣ್ಣು ಮುಚ್ಚಿದಳು. ದೊಡ್ಡ ಸದ್ದು ದೂರ ಹೋಗುತ್ತಾ ಹೋಗುತ್ತಾ ಸಣ್ಣದಾಯಿತು. ಅದರ ಕೊನೆಯ ತುದಿಯಲ್ಲಿ, ಯಾರೋ ಚಮಚದಿಂದ ಮೆಲ್ಲಗೆ ತಟ್ಟಿದರು.

ಟಿಣ್.

ಅವಳ ಬಾಯಿ ತಾನಾಗಿ ತೆರೆಯಿತು.